ಹಾಡು ಬರೆದವರ ಹೆಸರು ಎಲ್ಲಿ? ಸಂಗೀತ ಆ್ಯಪ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಫೋನಿಗೆ, ಕಾರಿಗೆ, ಮನೆಯ ಮೂಲೆಯ ಸ್ಪೀಕರಿಗೆ ಹಾಡು ತಲುಪಿಸುವ ಕಂಪನಿಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಬಾನುಲಿಯಲ್ಲಿ 29 ವರ್ಷ ಉದ್ಘೋಷಕನಾಗಿದ್ದು ನಿವೃತ್ತನಾದವನು. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು, ಈ ನಾಲ್ಕು ಮಾತು ಹೇಳಿ ಮುಗಿಸಿದ ಮೇಲೆಯೇ ನಮ್ಮಲ್ಲಿ ತಟ್ಟೆ ತಿರುಗುತ್ತಿದ್ದದ್ದು. ಒಮ್ಮೆ ವಾರ್ತೆಗೆ ಹೊತ್ತಾಯಿತೆಂದು ಸಾಹಿತ್ಯದವರ ಹೆಸರನ್ನು ನುಂಗಿಬಿಟ್ಟೆ. ಮರುವಾರ ಕೇಳುಗರೊಬ್ಬರಿಂದ 15 ಪೈಸೆಯ ಕಾರ್ಡು ಬಂತು. ಅದರಲ್ಲಿದ್ದದ್ದು ಒಂದೇ ಸಾಲು: "ಬರೆದವರು ನಿಮಗೇನು ಅನ್ಯಾಯ ಮಾಡಿದ್ದರು ಸ್ವಾಮಿ?" ಆ ಕಾರ್ಡನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಇವತ್ತು ಅದೇ ಪ್ರಶ್ನೆಯನ್ನು ನಿಮಗೆ ಕೇಳಬೇಕಾಗಿ ಬಂದಿದೆ.

ಈಗ ವರ್ಷದಲ್ಲಿ ಐದಾರು ತಿಂಗಳು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿರುತ್ತೇನೆ. ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳ ಶಾಲೆಯಲ್ಲಿ ಮಕ್ಕಳ ಸಂಗೀತ ಕಾರ್ಯಕ್ರಮವಿತ್ತು. ಅವಳ ತಂಡ 'ಓವರ್ ದ ರೇನ್‌ಬೋ' ಹಾಡಿತು. ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿ ಆ ಹಾಡಿನ ಮುಂದೆ 'ರಚನೆ: ಜೂಡಿ ಗಾರ್ಲಂಡ್' ಎಂದಿತ್ತು. ಜೂಡಿ ಗಾರ್ಲಂಡ್ ಆ ಹಾಡನ್ನು ಸಿನಿಮಾದಲ್ಲಿ ಹಾಡಿದವರು, ಬರೆದವರಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸಂಗೀತದ ಟೀಚರನ್ನು ಕಂಡು ಮೆಲ್ಲಗೆ ವಿಷಯ ತೆಗೆದೆ. ಆಕೆ ಪಾಪ ಸಂಕೋಚದಿಂದ, "ಆ್ಯಪಿನಲ್ಲಿ ಹಾಗೇ ಇತ್ತಲ್ಲ" ಎಂದರು.

ಮನೆಗೆ ಬಂದು ನಾವೂ ಪರೀಕ್ಷೆ ಮಾಡಿದೆವು. ಈ ಹಾಡು ಬರೆದವರು ಯಾರು ಎಂದು ಮೊಮ್ಮಗಳು ಸ್ಪೀಕರನ್ನು ಕೇಳಿದಳು. ಅದು ಜೂಡಿ ಗಾರ್ಲಂಡ್ ಎಂದಿತು. ಎರಡನೇ ಸಲ ಕೇಳಿದ್ದಕ್ಕೆ ಹವಾಯಿಯ ಗಾಯಕರೊಬ್ಬರ ಹೆಸರು ಹೇಳಿತು. ಅವರು ಈ ಹಾಡನ್ನು ಪುಟ್ಟ ಗಿಟಾರಿನಂಥ ಯುಕುಲೇಲೆ ನುಡಿಸಿಕೊಂಡು ಹಾಡಿ 1993ರಲ್ಲಿ ಹೊರತಂದವರು, ಅದೂ ಪದಗಳನ್ನು ಅಲ್ಲಲ್ಲಿ ಅದಲುಬದಲು ಮಾಡಿ. ಮೂರನೇ ಸಲ ಕೇಳಿದಾಗ ಉತ್ತರದ ಗೋಜಿಗೇ ಹೋಗದೆ ಹಾಡು ಶುರು ಮಾಡಿಬಿಟ್ಟಿತು. "ಅದಕ್ಕೆ ಗೊತ್ತಿಲ್ಲ ತಾತ, ಸುಮ್ಮನೆ ಮಾತು ಮರೆಸ್ತಾ ಇದೆ" ಎಂದಳು.

ಫೋನಿನಲ್ಲಿ ನೋಡಿದೆ. ಹಾಡಿನ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಹಾಡಿದವರ ಹೆಸರು, ಹಿಂದೆ ಹಾಡಿದವರ ಚಿತ್ರ. ಮೂರು ಚುಕ್ಕಿ ಒತ್ತಿ, ಬಂದ ಪಟ್ಟಿಯನ್ನು ಕೆಳಗೆ ಸರಿಸಿ, ಮತ್ತೊಂದು ಕಡೆ ಒತ್ತಿದರೆ ವಿವರದ ಪುಟವೊಂದು ತೆರೆಯುತ್ತದೆ. ಇಲ್ಲವೆನ್ನುವುದಿಲ್ಲ, ಪುಟ ಇದೆ. ಆದರೆ ಒಂದು ಧ್ವನಿಮುದ್ರಣದಲ್ಲಿ ಇಬ್ಬರ ಹೆಸರಿದ್ದರೆ ಇನ್ನೊಂದರಲ್ಲಿ ರಾಗ ಹಾಕಿದವರ ಹೆಸರು ಮಾತ್ರ; ಮತ್ತೊಂದರಲ್ಲಿ ಯಾರೂ ಇಲ್ಲ. ಬರೆದವರ ಹೆಸರನ್ನೇ ಕೊಟ್ಟು ಹುಡುಕಿದರೆ, ಅವರು ಮುಪ್ಪಿನಲ್ಲಿ ತಾವೇ ಹಾಡಿದ ನಾಲ್ಕಾರು ಧ್ವನಿಮುದ್ರಣಗಳು ಸಿಗುತ್ತವೆ. ಅಂದರೆ ಐನೂರಕ್ಕೂ ಹೆಚ್ಚು ಹಾಡುಗಳಿಗೆ ಮಾತು ಕೊಟ್ಟ ಮನುಷ್ಯ ನಿಮ್ಮ ಲೆಕ್ಕದಲ್ಲಿ ಹುಟ್ಟಿದ್ದು ತಾನೇ ಬಾಯಿ ತೆರೆದು ಹಾಡಿದಾಗ!

ಅವರ ಹೆಸರು ಎಡ್ಗರ್ ಯಿಪ್ಸೆಲ್ ಹಾರ್ಬರ್ಗ್. ಬಳಗದವರಿಗೆ ಬರಿಯ ಯಿಪ್. ನಿಮ್ಮ ಕಡತದಲ್ಲಿ ಅವರ ಬಗ್ಗೆ ಜಾಗವಿಲ್ಲದ್ದರಿಂದ ಒಂದಿಷ್ಟು ಇಲ್ಲೇ ಬರೆಯುತ್ತೇನೆ.

ಹುಟ್ಟಿದ್ದು 1896ರ ಏಪ್ರಿಲ್ 8ರಂದು, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲಿ. ಆಗಿನ ಹೆಸರು ಇಸಿಡೋರ್ ಹಾಕ್‌ಬರ್ಗ್. ತಂದೆತಾಯಿ ರಷ್ಯಾದಿಂದ ವಲಸೆ ಬಂದ ಯೆಹೂದಿಗಳು, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ಮನೆಮಾತು ಯಿಡ್ಡಿಷ್. ಹುಡುಗ ಬೀದಿದೀಪ ಹಚ್ಚಿ ಆರಿಸುವ ಕೆಲಸಕ್ಕೂ ಹೋಗಿದ್ದ. ಹೈಸ್ಕೂಲಿನಲ್ಲಿ ಹೆಸರಿನ ಅಕ್ಷರದ ಪ್ರಕಾರ ಕೂರಿಸುತ್ತಿದ್ದರಂತೆ. 'ಜಿ' ಆದ ಮೇಲೆ 'ಎಚ್' ತಾನೇ, ಹಾಗಾಗಿ ಪಕ್ಕದಲ್ಲಿ ಸಿಕ್ಕವನು ಮುಂದೆ ತಾನೂ ದೊಡ್ಡ ಗೀತಕಾರನಾದ ಐರಾ ಗರ್ಶ್‌ವಿನ್. ಹಾರ್ಬರ್ಗ್‌ಗೆ ಇಂಗ್ಲೆಂಡಿನ ಡಬ್ಲ್ಯು. ಎಸ್. ಗಿಲ್ಬರ್ಟ್ ಬರೆದ ಹಾಸ್ಯಪದ್ಯಗಳೆಂದರೆ ಪ್ರಾಣ. ಆ ಕವಿಯ ಮಾತಿಗೆ ಸಂಗೀತವೂ ಉಂಟೆಂಬುದು ಮಾತ್ರ ಗೊತ್ತಿರಲಿಲ್ಲ. ಗರ್ಶ್‌ವಿನ್ ತನ್ನ ಮನೆಗೆ ಕರೆದೊಯ್ದು ಗ್ರಾಮಫೋನಿನಲ್ಲಿ ಗಿಲ್ಬರ್ಟ್‌ನ ಸಂಗೀತನಾಟಕ ಹಾಕಿದಾಗ ಈ ಹುಡುಗ ಬೆರಗಾಗಿ ಕೂತ. ಮಾತು ಮೊದಲು ಗೊತ್ತಿದ್ದು ರಾಗ ಆಮೇಲೆ ಸಿಕ್ಕಿದ ಪುಣ್ಯಾತ್ಮ ಅವನು. ನೀವು ಬೆಳೆಸುತ್ತಿರುವ ಮಕ್ಕಳದ್ದು ಇದರ ತಿರುಗುಮುರುಗು.

ಓದು ಮುಗಿಸಿ, ಮೊದಲ ಮಹಾಯುದ್ಧದ ಕಾಲದಲ್ಲಿ ಉರುಗ್ವೆಯಲ್ಲಿ ಕೆಲಸ ಮಾಡಿ, ಮರಳಿ ಬಂದು ಹಾರ್ಬರ್ಗ್ ವಿದ್ಯುತ್ ಸಾಮಾನಿನ ವ್ಯಾಪಾರ ಹಿಡಿದರು. 1929ರಲ್ಲಿ ಷೇರುಪೇಟೆ ಬಿತ್ತು, ಅಂಗಡಿ ಮುಳುಗಿತು, ತಲೆಯ ಮೇಲೆ ಸಾಲ ಉಳಿಯಿತು. ವ್ಯಾಪಾರವೆಂಬ ಕನಸಿನ ಲೋಕ ಸಾಕಾಗಿತ್ತು, ವಾಸ್ತವಕ್ಕೆ ಇಳಿಯೋಣವೆಂದು ಹಾಡು ಬರೆಯಲು ಕೂತೆ ಎಂದು ಆಮೇಲೆ ನಗೆಯಾಡುತ್ತಿದ್ದರು. ಗರ್ಶ್‌ವಿನ್ ಅವರೇ ಜೇ ಗೋರ್ನಿ ಎಂಬ ಸಂಗೀತಗಾರನ ಪರಿಚಯ ಮಾಡಿಸಿದರು.

ಗೋರ್ನಿ ಬಳಿ ಒಂದು ಧಾಟಿಯಿತ್ತು. ರಷ್ಯಾದಲ್ಲಿ ಕಳೆದ ಬಾಲ್ಯದಲ್ಲಿ ಕೇಳಿದ ಜೋಗುಳದ ನೆನಪಿನಿಂದ ಬಂದದ್ದು. ಆಗ ನ್ಯೂಯಾರ್ಕಿನ ಬೀದಿಗಳಲ್ಲಿ ಬ್ರೆಡ್ಡಿಗಾಗಿ ಸಾಲುಗಟ್ಟಿ ನಿಂತ ಜನ. ನಿನ್ನೆ ಮೊನ್ನೆಯವರೆಗೆ ಕೈತುಂಬ ಕೆಲಸವಿದ್ದವರು ಹತ್ತು ಸೆಂಟಿನ ಡೈಮ್ ನಾಣ್ಯಕ್ಕೆ ಕೈಚಾಚುತ್ತಿದ್ದರು. ಹಾರ್ಬರ್ಗ್ ಆ ಜೋಗುಳಕ್ಕೆ ಈ ಮನುಷ್ಯನ ಮಾತನ್ನು ಕೂರಿಸಿದರು. ರೈಲುಹಳಿ ಹಾಕಿದವನು ನಾನು, ಗೋಪುರ ಕಟ್ಟಿದವನು ನಾನು, ಯುದ್ಧಕ್ಕೆ ಹೋದವನೂ ನಾನೇ, ಮತ್ತೆ ನಾನೇಕೆ ಈ ಸಾಲಿನಲ್ಲಿ ನಿಂತಿದ್ದೇನೆ ಎಂದು ಅವನು ಕೇಳುತ್ತಾನೆ. ಭಿಕ್ಷೆಯ ಹಾಡಿನಲ್ಲಿ ಲೆಕ್ಕ ಕೇಳುವ ದನಿ. 1932ರ ಅಕ್ಟೋಬರಿನಲ್ಲಿ 'ಅಮೆರಿಕಾನಾ' ಎಂಬ ರಂಗಪ್ರದರ್ಶನದಲ್ಲಿ ಈ 'ಬ್ರದರ್, ಕ್ಯಾನ್ ಯೂ ಸ್ಪೇರ್ ಅ ಡೈಮ್' ಬಂತು. ಗಾಯಕ ಬಿಂಗ್ ಕ್ರಾಸ್ಬಿ ಈ ಹಾಡಿನ ಒಂದು ತಟ್ಟೆ ಕೊಟ್ಟರು, ರೂಡಿ ವ್ಯಾಲಿ ಇನ್ನೊಂದು. ಅದು ರೂಸ್‌ವೆಲ್ಟ್ ಗೆದ್ದ ಚುನಾವಣೆಯ ಕಾಲ.

ಆ ಹಾಡಿನ ಕೊನೆಗೆ ಬನ್ನಿ. ಅಲ್ಲಿಯವರೆಗೆ ಹೆಸರಿಲ್ಲದೆ ನಿಂತಿದ್ದ ಮನುಷ್ಯ ಹಠಾತ್ತನೆ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ನೆನಪಿಲ್ಲವೇನೋ, ನನ್ನನ್ನು ಎಲ್ಲರೂ ಅಲ್ ಅಂತ ಕರೆಯುತ್ತಿದ್ದರು, ಯಾವಾಗಲೂ ಅಲ್ ಅಂತಲೇ, ಎಂದು ಗೋಗರೆಯುತ್ತಾನೆ. ನನಗೆ ಗಂಟಲು ಕಟ್ಟುವುದು ಡೈಮಿನ ಮಾತಿಗಲ್ಲ, ಈ ಜಾಗಕ್ಕೆ. ದುಡಿದವನಿಗೆ ಹಸಿವಿಗಿಂತ ದೊಡ್ಡ ಅವಮಾನ ಯಾವುದೆಂದು ಹಾರ್ಬರ್ಗ್‌ಗೆ ಗೊತ್ತಿತ್ತು. ಅದೇ ಹಾಡು ನಿಮ್ಮ ಆ್ಯಪಿನಲ್ಲಿ ಕ್ರಾಸ್ಬಿಯ ಚಿತ್ರದ ಕೆಳಗಿದೆ. ಅಲ್‌ನನ್ನು ಹುಟ್ಟಿಸಿದವರ ಹೆಸರು ಅಲ್ಲಿ ನನಗೆ ಕಾಣಲಿಲ್ಲ.

ಇನ್ನು ಮಳೆಬಿಲ್ಲಿನ ಹಾಡು. 1939ರ 'ದ ವಿಝರ್ಡ್ ಆಫ್ ಆಝ್' ಚಿತ್ರಕ್ಕೆ ರಾಗ ಹಾರೋಲ್ಡ್ ಆರ್ಲೆನ್ ಅವರದು, ಮಾತು ಹಾರ್ಬರ್ಗ್ ಅವರದು. ಆರ್ಲೆನ್‌ಗೆ ಈ ಧಾಟಿ ಹೊಳೆದದ್ದು ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡಿನಲ್ಲಿ, ಹೆಂಡತಿ ಕಾರು ಓಡಿಸುತ್ತಿದ್ದಾಗ. ಹಾರ್ಬರ್ಗ್‌ಗೆ ಮೊದಲ ಕೇಳ್ವಿಕೆಗೆ ಹಿಡಿಸಲಿಲ್ಲ. ಚಿತ್ರದ ನಾಯಕಿಯಾದ ಕ್ಯಾನ್ಸಸ್ಸಿನ ಹಳ್ಳಿ ಹುಡುಗಿಯ ಬಾಯಿಗೆ ಇದು ಬಲು ಭಾರವಾಯಿತು ಎಂದರಂತೆ. ಮತ್ತೆ ಗರ್ಶ್‌ವಿನ್ ಬರಬೇಕಾಯಿತು. ಹಗುರವಾಗಿ, ಸ್ವಲ್ಪ ಬೇಗ ನುಡಿಸಿ ನೋಡು ಎಂದು ಅವರು ಆರ್ಲೆನ್‌ಗೆ ಹೇಳಿದ ಮೇಲೆ ದಾರಿ ಸರಿಹೋಯಿತು.

ರಾಗದ ಮೊದಲ ಹೆಜ್ಜೆಯೇ ಷಡ್ಜದಿಂದ ತಾರಷಡ್ಜಕ್ಕೆ, ಅಂದರೆ ಕೆಳಗಿನ 'ಸ'ದಿಂದ ಮೇಲಿನ 'ಸ'ಕ್ಕೆ, ನೇರ ಜಿಗಿತ, ನಡುವೆ ಮೆಟ್ಟಿಲೇ ಇಲ್ಲ. ಆ ಜಿಗಿತಕ್ಕೆ ಎಂಥ ಪದ ಹಾಕುತ್ತೀರಿ? ಮೊದಲ ಅಕ್ಷರ ನೆಲದಲ್ಲಿ ನಿಲ್ಲಬೇಕು, ಎರಡನೆಯದು ಮೇಲೆ ಹೋಗಿ ಬಾಯಿ ತೆರೆದು ಉಳಿಯಬೇಕು. ಹಾರ್ಬರ್ಗ್ ತಡಕಾಡಿ ತಡಕಾಡಿ 'ಸಮ್‌ವೇರ್' ತಂದಿಟ್ಟರು. 'ಎಲ್ಲೋ' ಎಂಬರ್ಥದ ಎರಡಕ್ಷರ. ಹಾಡಿ ನೋಡಿ, ನಾಲಿಗೆಗೇ ಗೊತ್ತಾಗುತ್ತದೆ. ಇನ್ನು ಮಳೆಬಿಲ್ಲು. ಆ ಕತೆ ಬರೆದ ಎಲ್. ಫ್ರಾಂಕ್ ಬಾಮ್ ಅವರ ಪುಸ್ತಕದಲ್ಲಿ ಮಳೆಬಿಲ್ಲೇ ಇಲ್ಲ! ಅಲ್ಲಿರುವುದು ಮಣ್ಣೂ ಮನೆಯೂ ಮನುಷ್ಯರೂ ಬೂದಿಬಣ್ಣಕ್ಕೆ ತಿರುಗಿದ ಕ್ಯಾನ್ಸಸ್. ಅಂಥ ಒಣನೆಲದಲ್ಲಿ ಬೆಳೆದ ಹುಡುಗಿ ತನ್ನ ಜನ್ಮದಲ್ಲಿ ಕಂಡ ಬಣ್ಣದ ವಸ್ತು ಯಾವುದಿರಬಹುದು ಎಂದು ಯೋಚಿಸಿದವರು ಹಾರ್ಬರ್ಗ್. ಕ್ಯಾನ್ಸಸ್ ಬಣ್ಣವಿಲ್ಲದೆ, ಆಝ್ ಎಂಬ ಮಾಯಾಲೋಕ ಬಣ್ಣದಲ್ಲಿ ತೆರೆಗೆ ಬಂದ ಆ ಚಿತ್ರದ ಹೃದಯಕ್ಕೆ ಈ ಯೋಚನೆ ಹೇಗೆ ಹೊಂದಿಕೊಂಡಿತೆಂದು ನೋಡಿದವರಿಗೆ ಹೇಳಬೇಕಾಗಿಲ್ಲ. ಆ ಚಿತ್ರಕ್ಕೆ ಮಳೆಬಿಲ್ಲು ತಂದವರು ಯಾರು ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು ಹಾರ್ಬರ್ಗ್ ಅವರ ಮಗ ಇನ್ನೊಬ್ಬ ಲೇಖಕರ ಜೊತೆ ಸೇರಿ 1993ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಪ್ರಶ್ನೆ ಆಗಲೇ ಹಳೆಯದು ನೋಡಿ.

ಬಿಡುಗಡೆಗೆ ಮೊದಲಿನ ಪ್ರದರ್ಶನ ನೋಡಿ ಸ್ಟುಡಿಯೋದ ದೊಡ್ಡವರು ಈ ಹಾಡನ್ನು ಕತ್ತರಿಸಿ ತೆಗೆದಿದ್ದರು. ಚಿತ್ರದ ಸಹನಿರ್ಮಾಪಕ ಆರ್ಥರ್ ಫ್ರೀಡ್ ಹಟ ಹಿಡಿದು ವಾಪಸ್ ಹಾಕಿಸಿದರು. ಅದೇ ಹಾಡಿಗೆ ಆಸ್ಕರ್ ಬಂತು. 2001ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಮುಂತಾದವರು ಸೇರಿ ಶತಮಾನದ ಹಾಡುಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನವೂ ಅದಕ್ಕೇ.

ಹಾರ್ಬರ್ಗ್ ಅವರ ಬದುಕಿನಲ್ಲಿ ಹೆಸರು ಅಳಿಸುವ ಪ್ರಯತ್ನ ಒಂದು ಸಲ ನಿಜವಾಗಿಯೂ ನಡೆದಿತ್ತು. 1947ರಲ್ಲಿ ಅವರ 'ಫಿನಿಯನ್ಸ್ ರೇನ್‌ಬೋ' ಸಂಗೀತನಾಟಕ ನ್ಯೂಯಾರ್ಕಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಗೆ ಬಂತು. ಕರಿಯರನ್ನು ತುಚ್ಛವಾಗಿ ಕಾಣುವ ಸೆನೆಟರ್ ಒಬ್ಬ ತಾನೇ ಕರಿಯನಾಗಿ ಮಾರ್ಪಡುವ ಕತೆ. ವೇದಿಕೆಯ ಮೇಲೆ ಎರಡೂ ಬಣ್ಣದವರು ಒಂದೇ ತಂಡವಾಗಿ ಹಾಡಿ ಕುಣಿದರು. 725 ಪ್ರದರ್ಶನ ನಡೆಯಿತು. ಇಂಥದ್ದನ್ನೆಲ್ಲ ಬರೆದವರನ್ನು ಆ ಕಾಲ ಸುಮ್ಮನೆ ಬಿಡುತ್ತಿರಲಿಲ್ಲ. 1950ರ ಜೂನಿನಲ್ಲಿ 'ರೆಡ್ ಚಾನೆಲ್ಸ್' ಎಂಬ ಪುಸ್ತಿಕೆ ಬಂತು. ಕಮ್ಯುನಿಸ್ಟರ ನಂಟಿದೆಯೆಂದು ಅದು ಬೊಟ್ಟುಮಾಡಿದ 151 ಜನರಲ್ಲಿ ಹಾರ್ಬರ್ಗ್ ಒಬ್ಬರು. ಅವರು ಆ ಪಕ್ಷದ ಸದಸ್ಯರಾಗಿರಲಿಲ್ಲ. ಎಡಕ್ಕಿದ್ದ ಒಲವನ್ನು ಮುಚ್ಚಿಟ್ಟವರೂ ಅಲ್ಲ. 1943ರ ಚಿತ್ರವೊಂದಕ್ಕೆ 'ಜೋ' ಎಂಬ ಗಂಡಸನ್ನು ನೆನೆದು ಹೆಂಗಸೊಬ್ಬಳು ಹಾಡುವ ಪ್ರೇಮಗೀತೆ ಬರೆದಿದ್ದರು, ಆ ಜೋ ಜೋಸೆಫ್ ಸ್ಟಾಲಿನ್ನೇ ಇರಬೇಕು ಎಂದು ಅನುಮಾನಿಸಿದವರೂ ಇದ್ದರಂತೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹಾಲಿವುಡ್, ರೇಡಿಯೊ, ಟಿವಿ, ಮೂರರ ಬಾಗಿಲೂ ಮುಚ್ಚಿತು. ಬ್ರಾಡ್‌ವೇ ಒಂದು ತೆರೆದಿತ್ತು. 1957ರಲ್ಲಿ ಲೀನಾ ಹಾರ್ನ್ ನಟಿಸಿದ 'ಜಮೈಕಾ' ಅಲ್ಲಿ ಓಡಿತು.

ಈ ನಡುವೆ, 1956ರ ನವೆಂಬರ್ 3ರ ರಾತ್ರಿ 'ವಿಝರ್ಡ್ ಆಫ್ ಆಝ್' ಮೊದಲ ಬಾರಿಗೆ ಅಮೆರಿಕದ ಟಿವಿಯಲ್ಲಿ ಬಂತು. ಕೋಟ್ಯಂತರ ಜನರ ನಡುಮನೆಯಲ್ಲಿ ಆ ಹುಡುಗಿ ಹುಲ್ಲಿನ ಬಣವೆಗೆ ಒರಗಿ ಹಾರ್ಬರ್ಗ್ ಬರೆದ ಮಾತು ಹಾಡುತ್ತಿದ್ದಾಗ, ಹಾರ್ಬರ್ಗ್‌ಗೆ ಟಿವಿಯಲ್ಲಿ ಕೆಲಸವಿರಲಿಲ್ಲ. ಹಾಡು ಬೇಕಿತ್ತು, ಬರೆದವರು ಬೇಕಿರಲಿಲ್ಲ. ಮತ್ತೆ ಸಿನಿಮಾಕ್ಕೆ ಅವರ ಹೆಸರು ಬಂದದ್ದು 1962ರಲ್ಲಿ, ಒಂದು ಬೆಕ್ಕಿನ ಕಾರ್ಟೂನ್ ಚಿತ್ರಕ್ಕೆ. ಅದಕ್ಕೆ ದನಿ ಕೊಟ್ಟವರು ಮತ್ತದೇ ಜೂಡಿ ಗಾರ್ಲಂಡ್.

ಕಪ್ಪುಪಟ್ಟಿ ಮಾಡಿದವರಿಗೆ ಹಗೆಯಿತ್ತು. ಹಗೆಯಿದ್ದದ್ದರಿಂದಲೇ ಹೆಸರನ್ನು ಕಾಗುಣಿತ ತಪ್ಪದೆ ಬರೆದಿಟ್ಟರು. ನಿಮಗೆ ಅವರ ಮೇಲೆ ಯಾವ ಸಿಟ್ಟೂ ಇಲ್ಲ. ನಿಮ್ಮ ಫಾರಮ್ಮಿನಲ್ಲಿ ಆ ಕಾಲಂ ಹಿಂದೆ ಬಿತ್ತು, ಅಷ್ಟೆ.

ಪರದೆ ಚಿಕ್ಕದು ಎನ್ನುತ್ತೀರಿ. ಸ್ವಾಮಿ, ನಮ್ಮ ಕಾಲದ ಕ್ಯಾಸೆಟ್ಟಿನ ಒಳಹಾಳೆ ನಿಮ್ಮ ಫೋನಿಗಿಂತ ಚಿಕ್ಕದು. ಅದರಲ್ಲಿ ಕವಿಯ ಹೆಸರೂ ಇರುತ್ತಿತ್ತು, ತಬಲ ಬಾರಿಸಿದವರ ಹೆಸರೂ ಇರುತ್ತಿತ್ತು, ದೇವರ ಪಟಕ್ಕೂ ಜಾಗ ಉಳಿಯುತ್ತಿತ್ತು. ಕೇಳುಗರು ಯಾರೂ ಕೇಳುವುದಿಲ್ಲ ಎನ್ನುತ್ತೀರಿ. ಒಂಬತ್ತು ವರ್ಷದ ಹುಡುಗಿ ಮೂರು ಸಲ ಕೇಳಿದ್ದಕ್ಕೆ ನಾನೇ ಸಾಕ್ಷಿ.

ಇದು ಬರಿಯ ಮರ್ಯಾದೆಯ ಮಾತಲ್ಲ, ದುಡ್ಡಿನ ಮಾತೂ ಹೌದು. ಅಮೆರಿಕದಲ್ಲಿ 2018ರ ಕಾನೂನಿನಂತೆ ಗೀತಕಾರರಿಗೂ ಸಂಗೀತ ಹಾಕಿದವರಿಗೂ ಸಲ್ಲಬೇಕಾದ ಹಣ ಹಂಚಲು ಒಂದು ಸಂಸ್ಥೆ ಆಯಿತು. 2021ರ ಫೆಬ್ರವರಿಯಲ್ಲಿ ನಿಮ್ಮ ಉದ್ಯಮದ ಕಂಪನಿಗಳು ಅದಕ್ಕೆ ಒಪ್ಪಿಸಿದ ಹಳೆಯ ಬಾಕಿ ಸುಮಾರು 42 ಕೋಟಿ 40 ಲಕ್ಷ ಡಾಲರ್. ಯಾರಿಗೆ ಕೊಡಬೇಕೆಂದು ತಾಳೆಯಾಗದೆ ಉಳಿದಿದ್ದ ಹಣ ಅದು. ಹಾಡು ಹರಿದಿತ್ತು, ಕಾಸು ಬಂದಿತ್ತು, ಬರೆದವರು ಯಾರೆಂಬ ಲೆಕ್ಕ ಮಾತ್ರ ಇರಲಿಲ್ಲ. ಹಾರ್ಬರ್ಗ್‌ನಂಥ ಹೆಸರಾಂತವರ ವಾರಸುದಾರರು ಹೇಗೋ ಬಂದು ಕೇಳಿಯಾರು. ಒಂದೇ ಒಂದು ಒಳ್ಳೆಯ ಹಾಡು ಬರೆದು ಸುಮ್ಮನಾದವರ ಮಕ್ಕಳು ಯಾರ ಬಾಗಿಲು ತಟ್ಟಬೇಕು? ನಮ್ಮ ದೇಶದಲ್ಲೂ 2012ರಲ್ಲಿ ಕೃತಿಸ್ವಾಮ್ಯ ಕಾನೂನಿಗೆ ತಿದ್ದುಪಡಿ ಬಂದ ಮೇಲೆಯೇ ಚಿತ್ರಗೀತೆ ಬರೆದವರ ಗೌರವಧನಕ್ಕೆ ಗಟ್ಟಿ ನೆಲ ಸಿಕ್ಕಿದ್ದು. ಅದಕ್ಕಾಗಿ ಜಾವೇದ್ ಅಖ್ತರ್ ಸಂಸತ್ತಿನ ಒಳಗೂ ಹೊರಗೂ ಹೋರಾಡಿದರು. (ನಮ್ಮ ಭಾವಗೀತೆಗಳಲ್ಲಿ ಕವಿಯನ್ನೇ ಬಿಟ್ಟು ಗಾಯಕರ ಚಿತ್ರ ಹಾಕುವ ನಿಮ್ಮ ಪದ್ಧತಿಯ ಬಗ್ಗೆ ಬೇರೆ ಪತ್ರವೇ ಬೇಕು. ಬರೆಯುತ್ತೇನೆ.)

ನಮ್ಮ ವಚನಕಾರರೂ ದಾಸರೂ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹಾಡಿನ ಕೊನೆಗೆ ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಪುರಂದರವಿಠಲ ಎಂದರೆ ಪುರಂದರದಾಸರು. ಹಾಡುವವರು ಯಾರೇ ಆಗಲಿ, ಹಾಡು ಮುಗಿಸಬೇಕಾದರೆ ಅಂಕಿತವನ್ನು ಬಾಯಲ್ಲಿ ಹೇಳಲೇಬೇಕು. ಯಾವ ಕಂಪನಿಯೂ ಅದನ್ನು ಮೂರು ಚುಕ್ಕಿಯ ಹಿಂದೆ ಬಚ್ಚಿಡಲಾರದು. ಹಾರ್ಬರ್ಗ್ ಅವರ ಹಾಡುಗಳನ್ನು ಒಂದಾದ ಮೇಲೊಂದು ಕೇಳಿದಾಗ ನನಗೆ ಅವರಿಗೂ ಒಂದು ಅಂಕಿತ ಇದ್ದಂತೆ ಅನ್ನಿಸಿತು. 1939ರಲ್ಲಿ ಮಳೆಬಿಲ್ಲು, 1947ರಲ್ಲಿ ಮತ್ತೆ ಮಳೆಬಿಲ್ಲು. ಅಮೆರಿಕದ ಅಂಚೆ ಇಲಾಖೆಗೆ ಅದು ಅರ್ಥವಾಗಿತ್ತು. 2005ರ ಏಪ್ರಿಲಿನಲ್ಲಿ ಅವರ ಹೆಸರಿನ 37 ಸೆಂಟಿನ ಅಂಚೆಚೀಟಿ ತಂದಾಗ ಅವರ ಮುಖದ ಜೊತೆ ಮಳೆಬಿಲ್ಲನ್ನೂ ಇಟ್ಟರು. ಹೆಬ್ಬೆರಳಿನಷ್ಟಗಲದ ಆ ಚೀಟಿಯಲ್ಲಿ ಹೆಸರಿಗೂ ಜಾಗ ಸಿಕ್ಕಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹಾಡಿನ ಹೆಸರಿನ ಕೆಳಗೆ, ಹಾಡಿದವರ ಹೆಸರಿನ ಪಕ್ಕದಲ್ಲೇ, ಬರೆದವರ ಹೆಸರೂ ರಾಗ ಹಾಕಿದವರ ಹೆಸರೂ ಒಂದೂ ಗುಂಡಿ ಒತ್ತದೆ ಕಾಣಬೇಕು. ಆ ಹೆಸರನ್ನು ಮುಟ್ಟಿದರೆ ಅವರು ಬರೆದ ಎಲ್ಲ ಹಾಡುಗಳೂ, ಯಾರೇ ಹಾಡಿರಲಿ, ಒಂದೆಡೆ ತೆರೆದುಕೊಳ್ಳಬೇಕು. ಒಂದೇ ಹಾಡಿನ ನೂರು ಧ್ವನಿಮುದ್ರಣಗಳಲ್ಲಿ ನೂರು ಬಗೆಯ ವಿವರ ಇರಬಾರದು. ಒಂದರಲ್ಲಿ ಸರಿಯಿದ್ದದ್ದನ್ನು ಉಳಿದವಕ್ಕೆ ನಕಲು ಮಾಡುವುದು ನಿಮ್ಮಂಥವರಿಗೆ ಎಷ್ಟು ಹೊತ್ತಿನ ಕೆಲಸ? ತಪ್ಪು ಕಂಡ ಕೇಳುಗ ತಿಳಿಸಲು ಒಂದು ದಾರಿ ಇರಲಿ, ತಿಳಿಸಿದ್ದಕ್ಕೆ ಮನುಷ್ಯರೊಬ್ಬರು ಉತ್ತರ ಕೊಡಲಿ. ನಾನು ಈ ವಿಷಯವಾಗಿ ಬರೆದ ಎರಡು ದೂರಿಗೆ ಬಂದದ್ದು ಯಂತ್ರದ ಧನ್ಯವಾದ. ಕೊನೆಯದಾಗಿ ಆ ಸ್ಪೀಕರು: ಬರೆದವರು ಯಾರು ಎಂದು ಕೇಳಿದರೆ ಹಾಡಿದವರ ಹೆಸರು ಹೇಳುವ ಬದಲು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದನ್ನಾದರೂ ಅದಕ್ಕೆ ಕಲಿಸಿ. ನೇರ ಪ್ರಸಾರದಲ್ಲಿ ಹೆಸರು ಸಿಗದಿದ್ದಾಗ ನಾವೂ ಹಾಗೇ ಹೇಳುತ್ತಿದ್ದೆವು. ಕೇಳುಗರು ಕ್ಷಮಿಸುತ್ತಿದ್ದರು.

ಹಾರ್ಬರ್ಗ್ ತೀರಿಕೊಂಡದ್ದು 1981ರ ಮಾರ್ಚ್ 5ರಂದು, 84ನೇ ವಯಸ್ಸಿನಲ್ಲಿ, ಕಾರಿನಲ್ಲಿ ಹೋಗುತ್ತಿದ್ದಾಗ ಹೃದಯ ನಿಂತು. ಅದೂ ಸನ್‌ಸೆಟ್ ಬುಲೆವಾರ್ಡಿನಲ್ಲೇ.

ಶಾಲೆಯವರು ತಿದ್ದಿದ ಹಾಳೆಯನ್ನು ಹೊಸದಾಗಿ ಮುದ್ರಿಸುತ್ತೇವೆಂದರು. ಮೊಮ್ಮಗಳು ಅಷ್ಟರೊಳಗೆ ಮನೆಯಲ್ಲಿದ್ದ ಪ್ರತಿಯಲ್ಲಿ ಗಾರ್ಲಂಡ್ ಹೆಸರಿನ ಹಿಂದೆ 'ಹಾಡಿದವರು' ಎಂದು ಪೆನ್ನಿನಲ್ಲಿ ಸೇರಿಸಿ, ಮೇಲೆ ಇನ್ನಿಬ್ಬರ ಹೆಸರು ಬರೆದಳು. ವಸಂತದ ಕಾರ್ಯಕ್ರಮಕ್ಕೆ ಅವಳು 'ಇಟ್ಸ್ ಓನ್ಲಿ ಅ ಪೇಪರ್ ಮೂನ್' ಕಲಿಯುತ್ತಿದ್ದಾಳೆ. ಅದರ ಮಾತೂ ಹಾರ್ಬರ್ಗ್ ಅವರದೇ, ಜೊತೆಗೆ ಬಿಲ್ಲಿ ರೋಸ್ ಹೆಸರೂ ಇದೆ. ಏಪ್ರಿಲ್ ಮೊದಲ ವಾರದಲ್ಲಿ ನಾವಿಬ್ಬರೂ ಸ್ಪೀಕರಿನ ಮುಂದೆ ಕೂತು ಮತ್ತೆ ಕೇಳುವವರಿದ್ದೇವೆ. ಅಷ್ಟರಲ್ಲಿ ನಿಮ್ಮಿಂದ ಉತ್ತರ ಬಂದೀತೆಂದು ಕಾದಿರುತ್ತೇನೆ.

ಇತಿ ನಮಸ್ಕಾರಗಳು,
ಒಬ್ಬ ನಿವೃತ್ತ ಬಾನುಲಿ ಉದ್ಘೋಷಕ